ಭಟ್ಟಿಗೋಡೆಯ ಲಂಟಾನ

ಆ ಬೀದಿಯವರು ಅವಳನ್ನು ಘಮಕ್ಕ ಎಂದೇ ಕರೆಯುತ್ತಿದ್ದರು. ಅಪ್ಪನಿಂದ ಬಂದ ಬೇಕರಿ ಅವಳದು. ಕೆಳಗೆ ಅಂಗಡಿ ಮತ್ತು ಸೌದೆಯ ಭಟ್ಟಿ, ಮೇಲೆ ಮನೆ, ಹಿಂದೆ ಒಂದು ಪುಟ್ಟ ಹಿತ್ತಲು. ಗಲ್ಲಾದಲ್ಲಿ ಕೂತು ಚಿಲ್ಲರೆ ಎಣಿಸುತ್ತಲೇ ಒಳಗಿನ ಭಟ್ಟಿಯಲ್ಲಿ ಏನಾಗುತ್ತಿದೆ ಎಂದು ಹೇಳಬಲ್ಲವಳು. "ಭಟ್ಟಿಯಣ್ಣಾ, ಎಡಗಡೆ ಟ್ರೇ ತಿರುಗಿಸು, ಬನ್ನಿನ ನೆತ್ತಿ ಸುಡ್ತಿದೆ" ಎಂದು ಕೂಗುವಳು. ಅವಳ ಅಪ್ಪನ ಕಾಲದಿಂದ ಭಟ್ಟಿ ನೋಡಿಕೊಳ್ಳುತ್ತಿದ್ದ ಆ ಮನುಷ್ಯ ಬಾಗಿಲು ತೆಗೆದು ನೋಡಿದರೆ ಎಡಗಡೆಯ ಟ್ರೇಯಲ್ಲಿ ಬನ್ನುಗಳ ನೆತ್ತಿ ನಿಜಕ್ಕೂ ಕಂದುತ್ತಿರುತ್ತಿತ್ತು. ಹಾಲು ಒಡೆಯುವ ಮೊದಲೇ ಅವಳಿಗೆ ತಿಳಿಯುತ್ತಿತ್ತು, ಮಳೆ ಬರುವ ಮೊದಲೇ ತಿಳಿಯುತ್ತಿತ್ತು. ಬ್ರೆಡ್ಡಿಗೆ ಬಂದವರ ಪೈಕಿ ಯಾರ ಮನೆಯಲ್ಲಿ ಬೆಳಿಗ್ಗೆ ಸಾರು ಸೀದಿದೆ ಎಂಬುದೂ ತಿಳಿಯುತ್ತಿತ್ತು. ಅದನ್ನು ಮಾತ್ರ ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ.

"ನಮ್ಮ ಸೊಸೆ ಎಲ್ಲದರಲ್ಲೂ ಮೂಗು ತೂರಿಸ್ತಾಳೆ ಅಂತ ನಾನು ಬೈಯೋ ಹಾಗಿಲ್ಲ. ತೂರಿಸದೇ ಇದ್ರೂ ಅದೇ ಹೋಗಿ ಸುದ್ದಿ ತರುತ್ತೆ" ಎಂದು ಅವಳ ಅತ್ತೆ ಅಕ್ಕಪಕ್ಕದವರ ಹತ್ತಿರ ಹೇಳುತ್ತಿದ್ದರು. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು, ಮಗನ ಮದುವೆಯಾದ ಮೇಲೆ ಅವನ ಜೊತೆ ಈ ಮನೆಗೇ ಬಂದಿದ್ದವರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಅವರ ದನಿಯಲ್ಲಿ ಇನ್ನೂ ಆ ಗತ್ತು ಇತ್ತು. ಅತ್ತೆ ಸೊಸೆಯರ ನಡುವೆ ಜಗಳವೇನೂ ಇರಲಿಲ್ಲ. ಹಾಗೆಂದು ಮಾತೂ ಅಷ್ಟಕ್ಕಷ್ಟೇ. ಒಬ್ಬರು ಅಡುಗೆಮನೆಗೆ ಬಂದರೆ ಇನ್ನೊಬ್ಬರಿಗೆ ಹೊರಗೆ ಏನಾದರೂ ಕೆಲಸ ನೆನಪಾಗುತ್ತಿತ್ತು.

ಒಂದು ಸಲ ಘಮಕ್ಕನಿಗೆ ಜ್ವರ ಬಂತು. ಹಾಸಿಗೆ ಹಿಡಿಸಿ, ಮೈಕೈ ಹಿಂಡಿ, ಕೊನೆಗೊಂದು ದಿನ ಬಿಟ್ಟುಹೋಯಿತು. ಹೋಗುವಾಗ ಮೂಗನ್ನೂ ಜೊತೆಗೆ ಕೊಂಡುಹೋಯಿತು. ಎದ್ದು ಕೂತವಳಿಗೆ ಅತ್ತೆ ಕಾಫಿ ತಂದುಕೊಟ್ಟರು. ಅವಳು ಲೋಟವನ್ನು ಮುಖದ ಹತ್ತಿರ ಹಿಡಿದು ಸುಮ್ಮನೆ ಕೂತಳು. ಬಿಸಿ ಇತ್ತು, ಹಬೆ ಇತ್ತು. ಕಾಫಿ ಇರಲಿಲ್ಲ.

ನೆಗಡಿ ಇಳಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿದರು, ಅವಳೂ ನಂಬಿದಳು. ಅಂಗಡಿಗೆ ಇಳಿದಳು. ಹಾಗೆ ಇಳಿದ ವಾರದಲ್ಲೇ ಆ ಘಟನೆ ನಡೆಯಿತು. ಭಟ್ಟಿಯಣ್ಣ ಸೌದೆ ಇಳಿಸಿಕೊಳ್ಳಲು ಬೀದಿಗೆ ಹೋಗಿದ್ದ. ಅವಳು ಭಟ್ಟಿಗೆ ಬೆನ್ನು ಮಾಡಿ ಮೇಜಿನ ಮೇಲೆ ಹಿಟ್ಟು ನಾದುತ್ತಿದ್ದಳು. ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಬೆಳಗಿನ ಬ್ರೆಡ್ಡೆಲ್ಲ ಇದ್ದಿಲಾಗುತ್ತಿತ್ತು. ದಾರಿಯಲ್ಲಿ ಹೋಗುತ್ತಿದ್ದವರು ಮೂಗು ಮುಚ್ಚಿಕೊಂಡು ಒಳಗೆ ನುಗ್ಗಿ, "ಅಕ್ಕಾ, ಏನಾಯ್ತು? ಬೆಂಕಿ ಬಿತ್ತಾ?" ಎಂದು ಕೂಗಿದಾಗಲೇ ಅವಳು ತಿರುಗಿ ನೋಡಿದ್ದು. ಕಪ್ಪು ಹೊಗೆ ಸೂರಿಗೆ ತಾಗಿತ್ತು.

ಬೈದವರು ಯಾರೂ ಇಲ್ಲ. ಭಟ್ಟಿಯಣ್ಣ ಕಪ್ಪಾದ ಬ್ರೆಡ್ಡುಗಳನ್ನು ಉದ್ದ ಹಿಡಿಯ ಹಲಗೆಯಿಂದ ಎಳೆದು ಬುಟ್ಟಿಗೆ ತುಂಬಿದ. ಅವಳು ಕೈ ತೊಳೆದುಕೊಂಡು, "ಇನ್ನು ಎಲ್ಲಾ ನೀನೇ ನೋಡ್ಕೋ ಅಣ್ಣ" ಎಂದು ಹೇಳಿ ಹಿತ್ತಲಿಗೆ ಹೋದಳು.

ಡಾಕ್ಟರು ಟಾರ್ಚು ಹಾಕಿ ನೋಡಿದರು. ವಾಸನೆಯ ನರ ಪೆಟ್ಟು ತಿಂದಿದೆ, ಬಂದರೆ ಬರಬಹುದು, ಬರದೆಯೂ ಇರಬಹುದು ಎಂದರು. ದಿನಾ ಬೆಳಿಗ್ಗೆ ಗಾಢವಾದದ್ದು ಏನನ್ನಾದರೂ ಮೂಸಿ ಅದರ ವಾಸನೆಯನ್ನು ನೆನಪಿಸಿಕೊಳ್ಳಲು ಪ್ರಯತ್ನಿಸಿ, ನಿರಾಶರಾಗಬೇಡಿ ಎಂದೂ ಹೇಳಿದರು.

ಅವಳು ನಿರಾಶಳಾದಳು. ತಿಂದದ್ದೆಲ್ಲ ಒದ್ದೆ ಕಾಗದ ಅಗಿದಂತೆ. ಇಸ್ತ್ರಿ ಮಾಡಿದ ಬಟ್ಟೆಗೂ ಒಗೆಯಬೇಕಾದ ಬಟ್ಟೆಗೂ ವ್ಯತ್ಯಾಸವಿಲ್ಲ. ಗಂಡ ಲೇತ್ ಕೆಲಸದವನು. ಸಂಜೆ ಮನೆಗೆ ಬಂದರೆ ಕಬ್ಬಿಣದ ಪುಡಿ ಮತ್ತು ಎಣ್ಣೆಯ ವಾಸನೆ ಅವನಿಗಿಂತ ಮೊದಲು ಮೆಟ್ಟಿಲು ಹತ್ತಿ ಬರುತ್ತಿತ್ತು. ಈಗ ಬಂದು ನಿಂತವನು ಗಂಡನೇ ಎಂದು ಕಣ್ಣು ಹೇಳುತ್ತಿತ್ತು, ಒಳಗಿನ ಯಾವುದೋ ಒಂದು ಅದನ್ನು ನಂಬುತ್ತಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಲಿಲ್ಲ. ಹಿತ್ತಲಲ್ಲಿ ಬ್ರೆಡ್ಡಿನ ಖಾಲಿ ಕ್ರೇಟು ಬೋರಲು ಹಾಕಿಕೊಂಡು, ಗಲ್ಲಕ್ಕೆ ಕೈಹಚ್ಚಿ ಕೂತಿರುತ್ತಿದ್ದಳು.

ಹಾಗೆ ಕೂತಿದ್ದಾಗ ಒಂದು ದಿನ ಅತ್ತೆ ಏದುಸಿರು ಬಿಡುತ್ತಾ ಬಂದು ಅವಳ ಮುಂದೆ ಒಂದು ಪ್ಲಾಸ್ಟಿಕ್ ಕುಂಡ ಕುಕ್ಕಿದರು. ಅದರಲ್ಲಿ ಒರಟು ಎಲೆಯ ಒಂದು ಸಣ್ಣ ಗಿಡ.

"ಇದೇನತ್ತೆ?"

"ಲಂಟಾನ. ನರ್ಸರಿಯಿಂದ ತಂದೆ. ಬೇಲಿಗಿಡಕ್ಕೆ ಯಾರಾದ್ರೂ ದುಡ್ಡು ಕೊಡ್ತಾರಾ ಅಂತ ಕೇಳಬೇಡ, ನಾನೇ ನರ್ಸರಿಯವಳನ್ನ ಕೇಳಿಯಾಯ್ತು."

"ಇದು ಯಾಕೆ?"

"ಡಾಕ್ಟರು ಗಾಢವಾದದ್ದು ಮೂಸು ಅಂದ್ರಲ್ಲ. ಬೀದಿಯೆಲ್ಲ ಸುತ್ತಿದೆ, ಇದಕ್ಕಿಂತ ಗಾಢ ನಾತ ನನಗೆ ಸಿಗಲಿಲ್ಲ. ಎಲೆ ಉಜ್ಜಿ ನೋಡು. ಬೆಕ್ಕು ಬಂದು ಹೋದ ಜಾಗಕ್ಕೆ ಸೀಮೆಎಣ್ಣೆ ಚೆಲ್ಲಿದ ಹಾಗಿರುತ್ತೆ."

ಘಮಕ್ಕ ಒಂದು ಎಲೆ ಹರಿದು ಬೆರಳಲ್ಲಿ ಉಜ್ಜಿ ಮೂಸಿದಳು. ಮತ್ತೊಂದು ಸಲ ಮೂಸಿದಳು. ಅತ್ತೆ ಕಣ್ಣು ಮಿಟುಕಿಸದೆ ಅವಳ ಮುಖವನ್ನೇ ನೋಡುತ್ತಿದ್ದರು.

"ಏನೂ ಇಲ್ವಾ?"

"ಇಲ್ಲ ಅತ್ತೆ."

ಅತ್ತೆಯ ಮುಖ ಇಳಿದುಹೋಯಿತು. ಮದುವೆಯಾದಾಗಿನಿಂದ ಆ ಮುಖದಲ್ಲಿ ತನಗಾಗಿ ಏನಾದರೂ ಇಳಿದದ್ದನ್ನು ಘಮಕ್ಕ ನೋಡಿದ್ದು ಅದೇ ಮೊದಲು. ಆ ಒಂದು ಕಾರಣಕ್ಕೆ ಅವಳು ಗಿಡವನ್ನು ಎಸೆಯಲಿಲ್ಲ.

ದಿನಾ ಬೆಳಿಗ್ಗೆ ಎಲೆ ಉಜ್ಜಿ ಮೂಸುವುದು ರೂಢಿಯಾಯಿತು. ನಲ್ಲಿಯ ಪಕ್ಕದ ನೆರಳಲ್ಲಿ ಕುಂಡ ಇಟ್ಟಿದ್ದಳು, ನೀರು ಹಾಕಲು ಸುಲಭವೆಂದು. ಅವಳು ಬೆಳಿಗ್ಗೆ ಒಂದು ಚೊಂಬು ಹಾಕಿದರೆ, ಅವಳು ಮರೆತಿರಬಹುದೆಂದು ಅತ್ತೆ ಸಂಜೆ ಒಂದು ಚೊಂಬು ಹಾಕುವರು. ಸ್ವಲ್ಪ ಕಾಲದಲ್ಲೇ ಎಲೆಗಳ ಮೇಲೆ ಬೆಳ್ಳಗೆ ಪುಡಿ ಕಾಣಿಸಿಕೊಂಡಿತು. ಬೇಕರಿಯವಳಲ್ಲವೇ, ಮೈದಾ ಹಾರಿ ಬಂದು ಕೂತಿದೆ ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸಿದಳು. ಮಾರನೆಯ ದಿನ ಮತ್ತೆ ಬಂತು. ಮತ್ತೆ ಒರೆಸಿದಳು. "ಈ ಭಟ್ಟಿಯಣ್ಣ ಮೈದಾವನ್ನ ಜರಡಿ ಹಿಡೀತಾನೋ, ಗಾಳಿಗೆ ತೂರ್ತಾನೋ?" ಎಂದು ಗೊಣಗಿದಳು. ಕೆಳಗಿನ ಎಲೆಗಳು ಹಳದಿಯಾಗಿ ಉದುರತೊಡಗಿದಾಗ ಒಂದು ರೆಂಬೆ ಮುರಿದುಕೊಂಡು ನರ್ಸರಿಗೆ ಹೋದಳು.

ನರ್ಸರಿಯವಳು ಮಂಡಿಯವರೆಗೆ ಮಣ್ಣು ಮೆತ್ತಿಕೊಂಡಿದ್ದ ಗಟ್ಟಿ ಹೆಂಗಸು. ರೆಂಬೆಯನ್ನು ಬೆಳಕಿಗೆ ಹಿಡಿದಳು.

"ಇದು ಬೂದಿರೋಗ. ಎಷ್ಟು ಬಿಸಿಲು ಬೀಳುತ್ತೆ ಗಿಡಕ್ಕೆ?"

"ನೆರಳಲ್ಲಿ ಇಟ್ಟಿದೀನಿ, ಪಾಪ ಅಂತ."

"ನೀರು?"

"ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು."

"ನೀವು ಗಿಡ ಸಾಕ್ತಿದೀರೋ ಬಾತುಕೋಳಿ ಸಾಕ್ತಿದೀರೋ?" ಎಂದು ನರ್ಸರಿಯವಳು ನಕ್ಕಳು. "ಲಂಟಾನಕ್ಕೆ ಬಿಸಿಲೇ ಅನ್ನ. ದಿನವಿಡೀ ಬಿಸಿಲು ಬೀಳೋ ಕಡೆ, ನೀರು ನಿಲ್ಲದ ಮಣ್ಣಲ್ಲಿ ನೆಡಿ. ಮಣ್ಣಲ್ಲಿ ಬೆರಳಿಟ್ಟು ನೋಡಿ, ಒಣಗಿದ್ರೆ ಮಾತ್ರ ನೀರು. ಎಲೆ ಮೇಲೆ ಹುಯ್ಯಬೇಡಿ, ಬುಡಕ್ಕೆ ಹಾಕಿ. ಪಾಪ ಅಂದಷ್ಟೂ ಸಾಯುತ್ತೆ ಇದು."

ಹಿತ್ತಲಲ್ಲಿ ದಿನವಿಡೀ ಬಿಸಿಲು ಬೀಳುವ ಜಾಗ ಒಂದೇ, ಭಟ್ಟಿಯ ಹಿಂದಿನ ಗೋಡೆ. ಸುಟ್ಟಿಟ್ಟಿಗೆಯ ಆ ಗೋಡೆ ಒಳಗಿನ ಬೆಂಕಿಗೆ ಯಾವಾಗಲೂ ಬೆಚ್ಚಗಿರುತ್ತಿತ್ತು. ಅದರ ಬುಡದಲ್ಲಿ ಹುಲ್ಲೂ ಬೆಳೆದಿರಲಿಲ್ಲ. ಭಟ್ಟಿಯಣ್ಣ ಹಾರೆಯಿಂದ ನೆಲ ಒಡೆದು, ಮಣ್ಣಿಗೆ ಮರಳು ಮತ್ತು ಇಟ್ಟಿಗೆ ಚೂರು ಬೆರೆಸಿಕೊಟ್ಟ. "ಇಲ್ಲಿ ಇಟ್ರೆ ಇದೂ ರಸ್ಕ್ ಆಗುತ್ತೆ ತಂಗಿ" ಎಂದ. ಆಗಲಿಲ್ಲ. ಬೂದಿ ಮಾಯವಾಯಿತು, ಗಿಡ ಚಿಗುರಿತು. ಚಿಗುರಿ ಚಿಗುರಿ ಅವಳ ಸೊಂಟಕ್ಕೆ ಬಂತು. ಎಲೆ ಎಂದರೆ ಎಲೆ, ಕಪ್ಪು ಹಸಿರು, ಎಮ್ಮೆಯಂತೆ ಮಿಂಚುವ ಎಲೆ. ಹೂವು ಮಾತ್ರ ಒಂದೂ ಇಲ್ಲ.

ಇದರ ಗುಟ್ಟು ಒಂದು ಮಧ್ಯಾಹ್ನ ಬಯಲಾಯಿತು. ಅತ್ತೆ ಆಚೀಚೆ ನೋಡಿ, ಸೆರಗಿನ ಮರೆಯಿಂದ ಒಂದು ಪಾತ್ರೆ ತೆಗೆದು ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಹಾಲಿನ ಪಾತ್ರೆ ತೊಳೆದ ನೀರು, ಮಿಕ್ಕ ಈಸ್ಟಿನ ನೀರು, ಮೊಟ್ಟೆ ಸಿಪ್ಪೆ, ಮೇಲಿಂದ ಒಂದು ಹಿಡಿ ಗೊಬ್ಬರ.

"ಅತ್ತೇ!"

ಅತ್ತೆ ಕದ್ದು ಸಿಕ್ಕಿಬಿದ್ದವರಂತೆ ನಿಂತರು. ಆಮೇಲೆ ಗತ್ತು ತಂದುಕೊಂಡು, "ಉಪವಾಸ ಕೆಡವಿದ್ರೆ ಹೂವು ಎಲ್ಲಿಂದ ಬರಬೇಕು? ಪಾಪ" ಎಂದರು.

"ಪಾಪ ಅನ್ನಬೇಡಿ ಅಂದಿದ್ದಾಳೆ ಅವಳು."

ನರ್ಸರಿಯವಳು ಈ ಕಥೆ ಕೇಳಿ ತಲೆ ಚಚ್ಚಿಕೊಂಡಳು. ಹೊಟ್ಟೆ ತುಂಬಿದ ಲಂಟಾನ ಎಲೆ ಬಿಡುತ್ತದೆ, ಹಸಿದದ್ದು ಹೂ ಬಿಡುತ್ತದೆ, ಇನ್ನು ಗೊಬ್ಬರದ ಕಡೆ ತಲೆಹಾಕಬೇಡಿ ಎಂದಳು. ಅತ್ತೆಗೆ ಇದು ಅನ್ಯಾಯವೆನಿಸಿತು. ಆದರೂ ಒಪ್ಪಿಕೊಂಡರು. ಮಣ್ಣು ಒಣಗಿತು, ಬಿಸಿಲು ಸುರಿಯಿತು, ಗೋಡೆ ಸುಟ್ಟಿತು. ಒಂದು ಬೆಳಿಗ್ಗೆ ಎಲೆ ಹರಿಯಲು ಹೋದ ಘಮಕ್ಕನ ಕೈ ಅಲ್ಲೇ ನಿಂತಿತು.

ಕೋಟಿನ ಗುಂಡಿಯಷ್ಟಗಲದ ಒಂದು ಹೂಗೊಂಚಲು. ಅಂಚಿನಲ್ಲಿ ಸುತ್ತ ಪುಟ್ಟ ಪುಟ್ಟ ಹಳದಿ ಹೂಗಳು ಅರಳಿದ್ದವು. ನಡುವೆ ಇನ್ನೂ ಅರಳದ ಮೊಗ್ಗುಗಳು, ಮಡಿಸಿಟ್ಟ ಪುಟಾಣಿ ಚೌಕದ ಪೊಟ್ಟಣಗಳಂತೆ. ಎಷ್ಟೋ ಬೇಲಿಗಳಲ್ಲಿ, ಎಷ್ಟೋ ರಸ್ತೆಬದಿಯಲ್ಲಿ ಈ ಹೂವನ್ನು ದಾಟಿಕೊಂಡು ಓಡಾಡಿದ್ದಳು. ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಮೂಗಿದ್ದಾಗ ಕಣ್ಣಿಗೆ ಅಷ್ಟು ಕೆಲಸವೇ ಇರಲಿಲ್ಲವೇನೋ.

ಮಾರನೆಯ ದಿನ ನೋಡಿದರೆ ಅಂಚಿನ ಹೂಗಳು ಹಳದಿಯಾಗಿರಲಿಲ್ಲ. ಕಿತ್ತಳೆಗೆ ತಿರುಗಿದ್ದವು. ಅವುಗಳ ಒಳಗಿನ ಸುತ್ತು ಹೊಸದಾಗಿ ಹಳದಿಯಾಗಿ ಅರಳಿತ್ತು. ತಾನು ತಪ್ಪಾಗಿ ನೋಡಿರಬೇಕೆಂದು ಅವಳು ಬನ್ನಿನ ಪೊಟ್ಟಣಕ್ಕೆ ಕಟ್ಟುವ ದಾರವನ್ನು ಆ ಗೊಂಚಲಿನ ತೊಟ್ಟಿಗೆ ಸುತ್ತಿ ಗುರುತು ಮಾಡಿಟ್ಟಳು. ಅದರ ಮರುದಿನ ಕಿತ್ತಳೆಯಾಗಿದ್ದದ್ದು ಗಾಢ ಗುಲಾಬಿಯಾಗಿತ್ತು. ಉದುರಿ ಬೇರೆ ಹೂ ಬಂದದ್ದಲ್ಲ. ಅದೇ ಹೂವು, ಅದೇ ತೊಟ್ಟು, ಬಣ್ಣ ಮಾತ್ರ ಬೇರೆ. ಬ್ರೆಡ್ಡಿಗೂ ಹೀಗೆ ಬಿಳಿಯಿಂದ ಹೊನ್ನು, ಹೊನ್ನಿನಿಂದ ಕೆಂಪು ಬರುವುದನ್ನು ಹುಟ್ಟಿದಾಗಿನಿಂದ ನೋಡಿದವಳು ಅವಳು. ಆದರೆ ಅದಕ್ಕೆ ಬೆಂಕಿ ಬೇಕು, ಕಾಯುವವರು ಬೇಕು. ಇಲ್ಲಿ ಯಾರು ಕಾಯುತ್ತಿದ್ದರು?

ಅವಳು ಕ್ರೇಟು ಎಳೆದುಕೊಂಡು ಗಿಡದ ಮುಂದೆಯೇ ಕೂತಳು. ಈಗ ಗಲ್ಲಕ್ಕೆ ಕೈಹಚ್ಚಿರಲಿಲ್ಲ. ಒಂದು ಚಿಟ್ಟೆ ಬಂತು. ಗೊಂಚಲಿನ ಮೇಲೆ ಕೂತು, ಸುರುಳಿ ಬಿಚ್ಚಿದ ಕಪ್ಪು ದಾರದಂಥ ನಾಲಗೆಯನ್ನು ಒಂದು ಹೂವಿಗೆ ಇಳಿಸಿತು. ತೆಗೆದು, ಪಕ್ಕದ್ದನ್ನು ಬಿಟ್ಟು, ಅದರಾಚೆಯದಕ್ಕೆ ಇಳಿಸಿತು. ಇನ್ನೊಂದು ಗೊಂಚಲಿಗೆ ಹಾರಿತು. ಅಲ್ಲಿಯೂ ಹಾಗೆಯೇ. ಬಹಳ ಹೊತ್ತು ನೋಡಿದ ಮೇಲೆ ಘಮಕ್ಕ ಕ್ರೇಟಿನಿಂದ ಎದ್ದು ನಿಂತಳು.

"ಅತ್ತೆ, ಇಲ್ಲಿ ಬನ್ನಿ. ಬೇಗ."

"ಏನು, ಹುಳ ಬಿತ್ತಾ?"

"ಚಿಟ್ಟೆ ನೋಡಿ. ಅದು ಗುಲಾಬಿಗೆ ಹೋಗ್ತಾನೇ ಇಲ್ಲ. ಹಳದಿಗೆ ಮಾತ್ರ ಬಾಯಿ ಇಡ್ತಿದೆ."

"ಚಿಟ್ಟೆಗೇನು ಬಣ್ಣ ಗೊತ್ತಾಗುತ್ತಾ? ಸುಮ್ನಿರಮ್ಮ" ಎಂದ ಅತ್ತೆ ಇನ್ನೊಂದು ಕ್ರೇಟು ಬೋರಲು ಹಾಕಿ ಕೂತರು. ಕನ್ನಡಕ ಸರಿಮಾಡಿಕೊಂಡರು. ಮತ್ತೊಂದು ಪಾತರಗಿತ್ತಿ ಬಂತು, ಅದೂ ಹಳದಿಗೇ. ಒಂದು ಗುಲಾಬಿ ಹೂವಿನ ಮೇಲೆ ಕಾಲೂರಿ ನಿಂತು, ಅದನ್ನು ಮುಟ್ಟದೆ, ಬಗ್ಗಿ ಒಳಗಿನ ಹಳದಿಗೆ ನಾಲಗೆ ಚಾಚಿತು. ಅತ್ತೆ ತಮಗರಿವಿಲ್ಲದೆ ಸೊಸೆಯ ಮೊಣಕೈ ಹಿಡಿದುಕೊಂಡಿದ್ದರು.

"ಗುಲಾಬಿ ಅಂದ್ರೆ ಎಂಗೇಜು" ಎಂದರು ಕೊನೆಗೆ, ದನಿ ತಗ್ಗಿಸಿ.

"ಏನಂದ್ರಿ?"

"ಬೋರ್ಡಲ್ಲಿ ದೀಪ ಉರಿಯೋದು ನಮಗೆ. ಲೈನು ಖಾಲಿ ಇದ್ರೆ ಒಂದು ಥರ, ಎಂಗೇಜ್ ಆದ್ರೆ ಒಂದು ಥರ. ಹಂಗೇ ಇದೂ. ಹಳದಿ ಅಂದ್ರೆ ಬಾ, ಜೇನು ಇದೆ. ಗುಲಾಬಿ ಅಂದ್ರೆ ನನ್ನ ಕೆಲಸ ಮುಗೀತು, ಪಕ್ಕದವಳನ್ನ ಕೇಳು."

"ಹಾಗಾದ್ರೆ ಕೆಲಸ ಮುಗಿದ ಮೇಲೆ ಉದುರಿಹೋಗಬಹುದಲ್ಲ? ಯಾಕೆ ಇರಬೇಕು?"

ಅತ್ತೆ ಯೋಚಿಸಿದರು. ಗಿಡದಿಂದ ಸ್ವಲ್ಪ ದೂರ ಎದ್ದುಹೋಗಿ, ನಲ್ಲಿಯ ಹತ್ತಿರ ನಿಂತು ಕಣ್ಣು ಕಿರಿದು ಮಾಡಿ ನೋಡಿದರು. ಅಲ್ಲಿಂದ ಒಂದೊಂದು ಹಳದಿ ಹೂವು ಕಾಣುತ್ತಿರಲಿಲ್ಲ. ಇಡೀ ಗೊಂಚಲು ದೊಡ್ಡದಾಗಿ, ಜಗಜಗ ಎಂದು ಕಾಣುತ್ತಿತ್ತು.

"ದೂರದವರನ್ನ ಕರೆಯೋಕೆ" ಎಂದರು. "ಕೆಲಸ ಮುಗಿದವರು ನಿಂತು ಬೇರೆಯವರಿಗೆ ಗಿರಾಕಿ ಕರೀತಿದ್ದಾರೆ."

ಇಬ್ಬರೂ ಮತ್ತೆ ಕ್ರೇಟುಗಳ ಮೇಲೆ ಕೂತು ಚಿಟ್ಟೆಗಳನ್ನೇ ನೋಡತೊಡಗಿದರು. ಮೇಲೆ ಹಾಲು ಉಕ್ಕಿ ಒಲೆ ಆರಿಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ.

ಅಂದಿನಿಂದ ಅತ್ತೆ ಸೊಸೆಯರ ಹಿತ್ತಲ ಬೈಠಕ್ ಶುರುವಾಯಿತು. ಮೂಸುವುದು ನಡೆದೇ ಇತ್ತು, ಏನೂ ಬರುತ್ತಿರಲಿಲ್ಲ. ಆದರೆ ಮೂಸುವುದು ಈಗ ನೋಡುವುದಕ್ಕೊಂದು ನೆಪವಾಗಿತ್ತು. ಎಕ್ಸ್‌ಚೇಂಜಿನ ಕಾಲದ ಕಥೆಗಳು ಒಂದೊಂದಾಗಿ ಹೊರಬಂದವು. ಘಮಕ್ಕ ಒಂದು ಸಂಜೆ ಗಂಡನ ಬಗ್ಗೆ, ಕಣ್ಣು ನಂಬಿಯೂ ಮನಸ್ಸು ನಂಬದ ಆ ಮಾತನ್ನು ಹೇಳಿಯೇಬಿಟ್ಟಳು. ಅತ್ತೆ ಅದಕ್ಕೆ ಸಮಾಧಾನ ಹೇಳಲಿಲ್ಲ. "ನಿನ್ನ ಮಾವ ಹೋದ ಮೇಲೆ ಅವರ ಕೋಟನ್ನ ನಾನು ತುಂಬಾ ದಿನ ಒಗೆಯಲಿಲ್ಲ" ಎಂದಷ್ಟೇ ಹೇಳಿ ಎದ್ದುಹೋದರು.

ಚಳಿ ಬಂತು. ಬಾಡಿದ ಗೊಂಚಲುಗಳನ್ನು ಚಿವುಟಿ ತೆಗೆಯಬೇಕೆಂದು ಇಬ್ಬರಿಗೂ ಗೊತ್ತಿರಲಿಲ್ಲ. ಅವೆಲ್ಲ ಹಸಿರು ಕಾಯಿಗಳಾದವು, ಕಾಯಿ ಕಟ್ಟಿದ ಗಿಡ ಹೂ ನಿಲ್ಲಿಸಿತು. ಆಮೇಲೆ ಹುಳ ಬಿತ್ತು. ರೆಂಬೆ ಅಲುಗಿಸಿದರೆ ಬಿಳಿನೊಣಗಳು ಜರಡಿ ಕೊಡವಿದಂತೆ ಎದ್ದು ಹಾರುತ್ತಿದ್ದವು. ಎಲೆಯ ಸಂದಿಗಳಲ್ಲಿ ಹತ್ತಿ ಅಂಟಿಸಿದಂತೆ ಹಿಟ್ಟುತಿಗಣೆ. ಎಲೆಗಳು ಬಿಳಿಚಿಕೊಂಡು, ಅಂಟಂಟಾಗಿ, ಗಿಡ ಕಾಯಿಲೆ ಬಿದ್ದ ಪ್ರಾಣಿಯಂತೆ ಗೋಡೆಗೆ ಒರಗಿತು.

ಭಾನುವಾರ ಗಂಡ ಅದನ್ನು ನೋಡಿ, "ಕಿತ್ತು ಬಿಸಾಕಿ. ಬೇಲಿಗಿಡ ತಾನೇ, ಇನ್ನೊಂದು ತಂದ್ರಾಯ್ತು" ಎಂದ.

"ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ತಾರೇನೋ?" ಎಂದು ಅತ್ತೆ ಮಗನ ಮೇಲೆ ರೇಗಿದರು.

ರೇಗಿದ ಮೇಲೆ ತಾವು ಆಡಿದ ಮಾತು ಏನೆಂದು ಹೊಳೆದು ನಾಲಗೆ ಕಚ್ಚಿಕೊಂಡರು. ಗಂಡ ನೆಲ ನೋಡಿದ. ಮೊದಲು ನಕ್ಕವಳು ಘಮಕ್ಕನೇ. ಸಣ್ಣಗೆ ಶುರುವಾದ ನಗು ಹೊಟ್ಟೆ ಹಿಡಿಯುವಷ್ಟಾಯಿತು. ಜ್ವರದ ನಂತರ ಅವಳು ಹಾಗೆ ನಕ್ಕಿರಲೇ ಇಲ್ಲ. ನೋಡುತ್ತ ನೋಡುತ್ತ ಮೂವರೂ ನಕ್ಕರು.

ಸೋಪಿನ ನೀರನ್ನು ಎಲೆಗಳ ಅಡಿಗೆ ಹೊಡೆದರು. ಪೈಪು ಹಿಡಿದು ರಭಸವಾಗಿ ತೊಳೆದರು. ಹುಳ ಕಡಿಮೆಯಾಯಿತು, ಗಿಡಕ್ಕೆ ಜೀವ ಬರಲಿಲ್ಲ. ಈ ಸಲ ನರ್ಸರಿಯವಳು ತಾನೇ ಬಂದು ನೋಡಿದಳು.

"ಚಳಿ ಮುಗೀತಾ ಬಂತು. ಮಂಡಿ ಎತ್ತರಕ್ಕೆ ಬಿಟ್ಟು ಉಳಿದದ್ದೆಲ್ಲ ಕತ್ತರಿಸಿಬಿಡಿ."

"ಅಷ್ಟೂನಾ?" ಎಂದರು ಅತ್ತೆ.

"ಅಷ್ಟೂ. ಹುಳ ಬಿದ್ದ ರೆಂಬೆ ಸುಟ್ಟುಹಾಕಿ. ಹೊಸ ಚಿಗುರಲ್ಲಿ ಮಾತ್ರ ಹೂ ಬಿಡೋ ಜಾತಿ ಇದು, ಹಳೇದನ್ನ ಇಟ್ಕೊಂಡು ಏನೂ ಪ್ರಯೋಜನ ಇಲ್ಲ. ಕೈಗೆ ಗ್ಲೌಸು ಹಾಕ್ಕೊಳ್ಳಿ, ಮುಳ್ಳು ಕೂಡ ಇದೆ, ಎಲೆ ಮೈಗೆ ತಾಗಿದ್ರೆ ಕೆಲವರಿಗೆ ಕೆರೆತ ಬರುತ್ತೆ. ಆ ಹಸಿರು ಕಾಯಿ ವಿಷ, ಎಲ್ಲಾ ಆರಿಸಿ ತೆಗೀರಿ."

ನನ್ನ ಕಣ್ಣೆದುರಿಗೆ ಬೇಡ ಎಂದು ಅತ್ತೆ ಮೇಲೆ ಹೋಗಿ ಬಾಗಿಲು ಹಾಕಿಕೊಂಡರು. ಘಮಕ್ಕ ಟ್ರೇ ಹಿಡಿಯುವ ದಪ್ಪ ಗ್ಲೌಸು ತೊಟ್ಟು ಕತ್ತರಿ ಹಿಡಿದಳು. ಮೊದಲ ರೆಂಬೆಗೆ ಮನಸ್ಸು ಬರಲಿಲ್ಲ. ಎರಡನೆಯದಕ್ಕೆ ಅಷ್ಟು ಕಷ್ಟವಾಗಲಿಲ್ಲ. ಆಮೇಲೆ ಕೈ ಓಡಿತು. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಗೋಡೆಯ ಬುಡದಲ್ಲಿ ನಾಲ್ಕಾರು ಬೋಳು ಮೋಟುಗಳು ಉಳಿದಿದ್ದವು. ಪಕ್ಕದಲ್ಲಿ ಅವಳ ಸೊಂಟದೆತ್ತರದ ಎಲೆರಾಶಿ. ಅದನ್ನು ಎರಡೂ ಕೈಯಲ್ಲಿ ಬಾಚಿ ತಬ್ಬಿ ಎತ್ತಿದಳು.

ಎತ್ತಿದವಳು ಸುತ್ತ ನೋಡಿದಳು. ಎಲ್ಲೋ ಬೆಕ್ಕು ಬಂದಿರಬೇಕು. ಹಿತ್ತಲ ಬಾಗಿಲು ನೋಡಿದಳು, ಗೋಡೆಯ ಮೇಲೆ ನೋಡಿದಳು. ಬೆಕ್ಕಿರಲಿಲ್ಲ. ತನಗೆ ಬೆಕ್ಕು ಬಂದಿದೆ ಎಂದು ಅನಿಸಿದ್ದಾದರೂ ಹೇಗೆ ಎಂದು ಆಗ ಹೊಳೆಯಿತು.

ರಾಶಿ ಕೈಯಿಂದ ಜಾರಿತು. ಗ್ಲೌಸು ಕಿತ್ತೆಸೆದು, ಎಲೆಗಳನ್ನು ಮುಷ್ಟಿಯಲ್ಲಿ ಹಿಚುಕಿ ಮುಖಕ್ಕೆ ಒತ್ತಿಕೊಂಡಳು. ಮೊದಲು ಏನೂ ಇಲ್ಲ. ಆಮೇಲೆ ದೂರದ ಯಾವುದೋ ಬೀದಿಯಲ್ಲಿ ಯಾರೋ ಅವಳ ಹೆಸರು ಹಿಡಿದು ಕೂಗಿದಂತೆ, ಸಣ್ಣಗೆ, ಕಹಿಯಾಗಿ, ಹಸಿಹಸಿಯಾಗಿ. ಆಮೇಲೆ ಹತ್ತಿರ. ಸೀಮೆಎಣ್ಣೆ. ಬೆಕ್ಕು. ಜಜ್ಜಿದ ಹಸಿರು. ತಲೆಬುರುಡೆಯೊಳಗೆ ಮುಚ್ಚಿಕೊಂಡಿದ್ದ ಒಂದು ಕೋಣೆಯ ಬಾಗಿಲನ್ನು ಯಾರೋ ಒದ್ದು ತೆರೆದಿದ್ದರು.

"ಅತ್ತೇ! ನಾರ್ತಿದೆ! ಅತ್ತೇ, ನಾರ್ತಿದೆ!"

ಗ್ಯಾಸು ಸೋರುತ್ತಿದೆ ಎಂದುಕೊಂಡು ಅತ್ತೆ ಮಂಡಿನೋವು ಮರೆತು ಮೆಟ್ಟಿಲಿಳಿದು ಓಡಿ ಬಂದರು. ಭಟ್ಟಿಯಣ್ಣ ಹಲಗೆ ಹಿಡಿದುಕೊಂಡೇ ಬಂದ. ಗಲ್ಲಾದ ಮುಂದಿದ್ದ ಗಿರಾಕಿಗಳಿಬ್ಬರೂ ಬಂದರು. ನೋಡಿದರೆ ಘಮಕ್ಕ ಎಲೆರಾಶಿಯ ನಡುವೆ ಮಂಡಿಯೂರಿ ಕೂತು, ಎರಡೂ ಕೈಯಲ್ಲಿ ಎಲೆ ಹಿಚುಕಿ ಮೂಸುತ್ತಾ, ಅಳುತ್ತಾ ನಗುತ್ತಿದ್ದಳು.

"ಏನು ಕೆಟ್ಟ ನಾತ ಅತ್ತೆ ಇದು! ಇಂಥದ್ದನ್ನ ದುಡ್ಡು ಕೊಟ್ಟು ತಂದ್ರಾ?"

ಅತ್ತೆ ಅಲ್ಲೇ ನೆಲದ ಮೇಲೆ ಕೂತು, ಸೊಸೆಯ ತಲೆಯನ್ನು ಎದೆಗೆ ಒತ್ತಿಕೊಂಡರು.

ಸಂಜೆಗೆ ಘಮಕ್ಕನ ಮೂಗು ಕೆರೆತ ಬಂದು ಟೊಮ್ಯಾಟೋ ಹಣ್ಣಿನಂತೆ ಊದಿಕೊಂಡಿತು. "ವಾಪಸ್ ಬಂದಿದ್ದು ಊರಿಗೆಲ್ಲ ಕಾಣಲಿ ಅಂತ" ಎಂದ ಗಂಡ, ಮುಲಾಮು ಹಚ್ಚುತ್ತಾ.

ಆಮೇಲೆ ಎಲ್ಲವೂ ಸಲೀಸಾಯಿತು ಎಂದಲ್ಲ. ವಾಸನೆಗಳು ದಾರಿ ತಪ್ಪಿದವರಂತೆ ಯಾರ ಯಾರದೋ ಮನೆಗೆ ಹೊಕ್ಕವು. ಬ್ರೆಡ್ಡು ಸುಟ್ಟ ರಬ್ಬರಿನಂತೆ, ಕಾಫಿ ಒಣಗದ ಬಟ್ಟೆಯಂತೆ ನಾರುತ್ತಿತ್ತು. ಇದಕ್ಕಿಂತ ಏನೂ ಇಲ್ಲದಿದ್ದದ್ದೇ ವಾಸಿಯಿತ್ತು ಎಂದು ಅವಳು ಒಂದೆರಡು ಸಲ ಅತ್ತದ್ದೂ ಉಂಟು. ಭಟ್ಟಿಯಣ್ಣ ಒಂದು ಬೆಳಿಗ್ಗೆ ಅವಳನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗಿ, ಆಗತಾನೇ ತೆಗೆದ ಬ್ರೆಡ್ಡಿನ ಟ್ರೇಯ ಮುಂದೆ ನಿಲ್ಲಿಸಿದ.

"ಮೂಸಬೇಡ ತಂಗಿ, ಕೇಳು."

ಅವಳು ಬಗ್ಗಿ ಕಿವಿಗೊಟ್ಟಳು. ಆರುತ್ತಿದ್ದ ಬ್ರೆಡ್ಡುಗಳ ಕೆಂಪು ಸಿಪ್ಪೆ ಸಣ್ಣಗೆ ಚಿಟಪಟ ಎನ್ನುತ್ತಿತ್ತು, ಒಂದಲ್ಲ, ಇಡೀ ಟ್ರೇ. ಒಣಗಿದ ಎಲೆಗಳ ಮೇಲೆ ಇರುವೆಗಳ ದಂಡು ನಡೆದಂತೆ. ಹುಟ್ಟಿದಾಗಿನಿಂದ ಈ ಮನೆಯಲ್ಲಿದ್ದು ಇದನ್ನು ಅವಳು ಕೇಳಿಸಿಕೊಂಡೇ ಇರಲಿಲ್ಲ. ಚೆನ್ನಾಗಿ ಬೆಂದದ್ದು ಹಾಡುತ್ತದೆ, ಹಸಿ ಉಳಿದದ್ದು ಸುಮ್ಮನಿರುತ್ತದೆ. ಅವಳು ಸೆರಗು ಸಿಕ್ಕಿಸಿಕೊಂಡು ಮತ್ತೆ ಹಿಟ್ಟಿಗೆ ಕೈಹಾಕಿದಳು.

ಮೋಟುಗಳಲ್ಲಿ ಕೆಂಪು ಚುಕ್ಕಿಗಳಂತೆ ಚಿಗುರು ಬಂತು. ವಾಸನೆಗಳೂ ಒಂದೊಂದಾಗಿ ತಮ್ಮ ತಮ್ಮ ಮನೆಗೆ ಮರಳಿದವು. ಕೆಲವು ಬರಲೇ ಇಲ್ಲ. ಏಲಕ್ಕಿ ಬಂತು, ವೆನಿಲ್ಲಾ ಬರಲಿಲ್ಲ. ಒಂದು ಸಂಜೆ ಗಂಡ ಬಾಗಿಲಲ್ಲಿ ಬಗ್ಗಿ ಬೂಟು ಬಿಚ್ಚುತ್ತಿದ್ದಾಗ ಅವಳು ಹಿಂದಿನಿಂದ ಬಂದು ಅವನ ಅಂಗಿಯ ಬೆನ್ನಿಗೆ ಮುಖ ಒತ್ತಿ ನಿಂತುಬಿಟ್ಟಳು. "ಏನೇ ಇದು, ಬೆವರು ಕಣೆ" ಎಂದು ಅವನು ಸಂಕೋಚಪಟ್ಟ. ಅವಳು ಬಿಡಲಿಲ್ಲ.

ಬಿಸಿಲು, ಹಸಿವು, ಸಮಯಕ್ಕೆ ಸರಿಯಾಗಿ ಚಿವುಟುವ ಕೈ, ಇಷ್ಟು ಸಿಕ್ಕ ಲಂಟಾನ ಆ ವರ್ಷ ಭಟ್ಟಿಗೋಡೆಯನ್ನು ಪೂರ್ತಿ ಏರಿತು. ಇಟ್ಟಿಗೆ ಕಾಣದಷ್ಟು ಹೂವು. ಮಳೆ ನಿಂತು ಆಕಾಶ ತೊಳೆದಿಟ್ಟಂತಿದ್ದ ಒಂದು ಬೆಳಿಗ್ಗೆ, ಬೂದಿ ಚೆಲ್ಲಲು ಹಿತ್ತಲಿಗೆ ಹೋದ ಭಟ್ಟಿಯಣ್ಣ ಬೂದಿಯ ಬಕೆಟ್ಟನ್ನು ಹಾಗೆಯೇ ಹಿಡಿದುಕೊಂಡು ವಾಪಸು ಬಂದ.

"ತಂಗಿ, ಬಾ ಇಲ್ಲಿ" ಎಂದ. ಅವನ ದನಿ ದೇವರ ಮುಂದೆ ನಿಂತವನ ದನಿಯಂತಿತ್ತು.

ಗೋಡೆ ಉಸಿರಾಡುತ್ತಿತ್ತು. ಕಡುನೀಲಿ, ಕಪ್ಪು, ಅದರ ಮೇಲೆ ಬಿಳಿ ಚುಕ್ಕಿ. ಚಿಟ್ಟೆಯ ಪಕ್ಕ ಚಿಟ್ಟೆ, ಅದರ ಮೇಲೆ ಚಿಟ್ಟೆ, ಬುಡದಿಂದ ಸೂರಿನವರೆಗೆ. ಸಾವಿರಾರು ರೆಕ್ಕೆಗಳು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು. ತೆರೆದಾಗ ಗೋಡೆ ನೀಲಿ, ಮುಚ್ಚಿದಾಗ ಕಂದು. ಎಲ್ಲಿಂದಲೋ ಎಲ್ಲಿಗೋ ಹೊರಟ ದಂಡು ದಾರಿಯಲ್ಲಿ ಹಸಿದು ಇಲ್ಲಿ ಇಳಿದಿತ್ತು. ಇನ್ನೂ ಇಳಿಯುತ್ತಲೇ ಇತ್ತು. ನೆಲದಲ್ಲಿ ಅವುಗಳ ನೆರಳುಗಳೇ ಹರಿಯುವ ನೀರಿನಂತೆ ಕಾಣುತ್ತಿದ್ದವು.

ಘಮಕ್ಕ ಬಾಗಿಲಲ್ಲೇ ನಿಂತಳು. ಕೈಗೆ ಮೆತ್ತಿದ ಹಿಟ್ಟು ಒಣಗುತ್ತಿತ್ತು. ಬ್ರೆಡ್ಡಿಗೆಂದು ನಿಂತಿದ್ದವರಲ್ಲಿ ಯಾರೋ ಒಬ್ಬರು ಒಳಗೆ ಇಣುಕಿದರು, ಅವರ ಹಿಂದೆ ಇನ್ನೊಬ್ಬರು. ಅಂಗಡಿಯನ್ನು ಹಾದು, ಮೈದಾ ಚೀಲಗಳ ಮಧ್ಯೆ ಅಡ್ಡಡ್ಡ ನಡೆದು, ಬೀದಿಯೇ ಹಿತ್ತಲಿಗೆ ಬಂತು. ಬಂದವರೆಲ್ಲ ಮೂಗಿನ ಮೇಲೆ ಬೆರಳಿಟ್ಟು ನಿಂತರು. ಯಾರದೋ ಕಂಕುಳಲ್ಲಿದ್ದ ಮಗು ಮಾತ್ರ ಕೈ ಚಾಚಿ "ಆ" ಎಂದಿತು. ಆ ಶಬ್ದಕ್ಕೆ ಇಡೀ ಗೋಡೆ ಒಮ್ಮೆ ಕಂಪಿಸಿ ಮತ್ತೆ ಸುಮ್ಮನಾಯಿತು.

ಅತ್ತೆಯನ್ನು ಗಂಡ ಕೈಹಿಡಿದು ಇಳಿಸಿಕೊಂಡು ಬಂದ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಹಾಕಿಕೊಂಡರು, ಮತ್ತೆ ತೆಗೆದರು.

"ಇಷ್ಟು ಜನ ಎಲ್ಲಿದ್ರಮ್ಮಾ ಇಷ್ಟು ದಿನ?" ಎಂದು ಚಿಟ್ಟೆಗಳ ಕಡೆ ನೋಡುತ್ತ ಪಿಸುಗುಟ್ಟಿದರು.

"ಗೊತ್ತಿಲ್ಲ ಅತ್ತೆ."

"ನಾನು ಇದನ್ನ ನೋಡದೇ ಹೋಗಿಬಿಡ್ತಿದ್ದೆನಲ್ಲೇ."

ಬಿಸಿಲು ಏರಿತು. ಒಂದು ಚಿಟ್ಟೆ ಗೋಡೆ ಬಿಟ್ಟಿತು. ಅದರ ಹಿಂದೆ ಮತ್ತೊಂದು. ಆಮೇಲೆ ಹೊಳೆಯೊಡೆದಂತೆ ಎಲ್ಲವೂ ಎದ್ದವು. ಸೂರಿನ ಮೇಲೆ ಹಾದು, ಭಟ್ಟಿಯ ಹೊಗೆಗೂಡಿನ ಹತ್ತಿರ ಬಂದದ್ದೇ ತಡ, ಅಲ್ಲಿಂದ ಏಳುತ್ತಿದ್ದ ಕೆಂಡದ ಬಿಸಿಗಾಳಿ ಅವನ್ನು ಹಿಡಿದು ನೆಟ್ಟಗೆ ಮೇಲಕ್ಕೆ ಎತ್ತುತ್ತಿತ್ತು. ರೆಕ್ಕೆ ಬಡಿಯದೆ, ಹಾಗೆಯೇ ಚಾಚಿಕೊಂಡು, ಅವು ಸುರುಳಿ ಸುರುಳಿಯಾಗಿ ಆಕಾಶಕ್ಕೆ ಏರುತ್ತಿದ್ದವು. ನೋಡುತ್ತಿದ್ದವರ ಕತ್ತುಗಳೆಲ್ಲ ಹಿಂದಕ್ಕೆ ಬಾಗಿದವು.

"ಭಟ್ಟಿಯಣ್ಣಾ" ಎಂದಳು ಘಮಕ್ಕ, ಮೇಲಿಂದ ಕಣ್ಣು ತೆಗೆಯದೆ. "ಒಳಗೆ ಹೋಗಿ ಕೆಂಡ ಕೆದಕು. ಹೊಗೆ ಆಗದ ಹಾಗೆ."

"ಒಳಗೆ ಬ್ರೆಡ್ಡಿಲ್ಲ ತಂಗಿ. ಖಾಲಿ ಭಟ್ಟಿ."

"ಖಾಲಿ ಇರಲಿ. ಇವಕ್ಕೆ ಇನ್ನೂ ತುಂಬಾ ದೂರ ಹೋಗೋದಿದೆ."

ಅವನು ಬಕೆಟ್ಟು ಕೆಳಗಿಟ್ಟು ಒಳಗೆ ಹೋದ. ಸ್ವಲ್ಪ ಹೊತ್ತಿನಲ್ಲೇ ಹೊಗೆಗೂಡಿನ ಬಾಯಲ್ಲಿ ಗಾಳಿ ಇನ್ನಷ್ಟು ಬಲವಾಗಿ ನಡುಗತೊಡಗಿತು.